ಏನೂ ಇಲ್ಲದ್ದರ ಪಟ

ಉಕ್ಕಿನ ಹಂಡೆಯ ಬಾಯಿ ಮುಚ್ಚಿ
ಇದು ಹನ್ನೊಂದನೆಯ ರಾತ್ರಿ.
ಒಳಗೆ ಗಾಳಿಯಿಲ್ಲ. ಬೆಳಕಿಲ್ಲ.
ಬಿಸಿ ಉಳಿದಿದ್ದರೆ ಎಳ್ಳಷ್ಟು, ಅದನ್ನೂ
ಹೀಲಿಯಂ ಕೊಳವೆಗಳು ನೆಕ್ಕಿ ಮುಗಿಸುತ್ತಿವೆ.
ನಡುವೆ ನಮ್ಮ ಕ್ಯಾಮೆರಾ,
ರೆಪ್ಪೆ ಮುಚ್ಚಿಕೊಂಡು, ಎಚ್ಚರವಾಗಿ.

ನಮ್ಮ ಕೆಲಸ ಇಷ್ಟೇ:
ಇಪ್ಪತ್ತು ನಿಮಿಷಕ್ಕೊಂದು ಪಟ ತೆಗೆಯುವುದು,
ಪಟದಲ್ಲಿ ಏನೂ ಇಲ್ಲವೆಂದು
ರುಜು ಹಾಕುವುದು.

'ಇದಕ್ಕೆ ಸಂಬಳ ಬೇರೆ ಕೊಡ್ತಾರಾ?' ಎಂದಿದ್ದ ಅಪ್ಪ
ಒಂದು ಭಾನುವಾರ, ಸೂಪಿನ ಬಟ್ಟಲಿನಾಚೆಯಿಂದ.
ಖಾಲಿ ಅಂತ ಖಾತ್ರಿಯಾದ ಜೋಳಿಗೆಗೆ ಬಿದ್ದದ್ದನ್ನಷ್ಟೇ
ಎಣಿಸೋಕೆ ಬರೋದು ಅಪ್ಪಾ, ಅಂದೆ.
ಅವನು ಬ್ರೆಡ್ಡು ಅದ್ದಿದ.

ಮೂವತ್ತೊಂದು ವರ್ಷ ಸೆರೇನಿನ ಊದುಕುಲುಮೆಗೆ
ಮುಖ ಕೊಟ್ಟು ನಿಂತವನು.
ಕೊರಳಿಗೆ ದಾರ, ದಾರಕ್ಕೊಂದು ನೀಲಿ ಗಾಜು;
ಗಾಜಿನೊಳಗಿಂದ ಹರಿವ ಕಬ್ಬಿಣದ ಬಣ್ಣ ನೋಡಿ
'ಇನ್ನೊಂದೈವತ್ತು ಡಿಗ್ರಿ' ಅನ್ನುತ್ತಿದ್ದ.
ಯಂತ್ರ ಆಮೇಲೆ ಹೂಂ ಅನ್ನುತ್ತಿತ್ತು.

ಗಾಜು ತಡೆದದ್ದು ಕಣ್ಣಿಗೆ ಕಂಡ ಬೆಳಕನ್ನು.
ಕಾಣದ್ದು, ಕೆಂಪಿನಾಚೆಯದು,
ದಿನಕ್ಕಿಷ್ಟು ದಿನಕ್ಕಿಷ್ಟು ಒಳಗೆ ನುಸುಳಿ
ಎರಡೂ ಕಣ್ಣಿಗೆ ಗಂಜಿ ಬಳಿದು ಹೋಯಿತು.
ಅದೇ ಬೆಳಕಿಗೆ
ಮಗಳು ಬಲೆ ನೇಯುತ್ತಾಳೆ:
ಸಾವಿರ ಕೋಟಿ ವರ್ಷ ನಡೆದು ನಡೆದು ಸುಸ್ತಾದ
ಅದರ ಒಂದೆರಡು ಕಣಕ್ಕೆ.

ಇನ್ನೂರ ಹದಿನಾಲ್ಕನೆಯ ಪಟ.
ಎಡ ಮೂಲೆಯಲ್ಲಿ, ಗಸಗಸೆ ಕಾಳಿನಷ್ಟು,
ಏನೋ ಇದೆ.

ಯಾರೂ ಉಸಿರೆತ್ತಲಿಲ್ಲ. ಇನ್ನೊಂದು ಪಟ.
ಇದೆ.
ಯೋರಿಸ್ ಅಂದ, ಲೆಕ್ಕದ ತಪ್ಪು.
ತಿಫೇನ್ ಅಂದಳು, ಎಲ್ಲೋ ಕೂದಲೆಳೆಯ ಬಿರುಕು;
ಹಂಡೆ ತೆರೆಯಬೇಕು,
ತೆರೆದರೆ ಆರು ವಾರ ಮಣ್ಣುಪಾಲು.
ನಕ್ಷೆ ಹರಡಿದೆವು, ತಿರುಪು ತಿರುಪನ್ನೂ
ಹಾಜರಿ ಕೂಗಿದೆವು,
ಹಳಸಲು ವಾಫಲ್ ಮುರಿದು ಹಂಚಿಕೊಂಡೆವು.
ಕೆಳಗೆ ಮ್ಯೂಸ್ ನದಿಯಲ್ಲಿ ಮರಳಿನ ದೋಣಿಯೊಂದು
ಮಂಜಿಗೆ ಕೊಂಬೂದುತ್ತ ಹೋಯಿತು.

ಮೂರೂವರೆಗೆ ಅಪ್ಪನಿಗೆ ಫೋನು ಮಾಡಿದೆ.
ರಾತ್ರಿ ಪಾಳಿ ಮಾಡಿದವರಿಗೆ ಮುಪ್ಪಿನಲ್ಲೂ ನಿದ್ದೆ ಇಲ್ಲ.
ಎಲ್ಲ ಕೇಳಿ, ಕೆಮ್ಮಿ,
'ಎಷ್ಟು ಸಲ ನೋಡ್ತೀರಿ?' ಅಂದ.
ಇಪ್ಪತ್ತು ನಿಮಿಷಕ್ಕೊಮ್ಮೆ.
'ಪಟ ಅಲ್ಲವೇ. ಚಳಿ.
ಎಷ್ಟು ಚಳಿ ಇದೆ ಅಂತ ಎಷ್ಟು ಸಲ ನೋಡ್ತೀರಿ?'
ಸೆಕೆಂಡಿಗೆ ಹತ್ತು ಸಲ.
ಆ ಕಡೆ ಮೌನ. ಆಮೇಲೆ ನಗು:
'ಗಳಿಗೆಗೊಮ್ಮೆ ಕುಲುಮೆ ಬಾಗಿಲು ತೆಗೆಯೋನನ್ನ
ಮೇಸ್ತ್ರಿ ಕತ್ತು ಹಿಡಿದು ಆಚೆ ಹಾಕ್ತಿದ್ದ.'

ತಾಪಮಾಪಕ. ಅಕ್ಕಿಕಾಳಿನ ಗಾತ್ರದ್ದು.
ಕೇಳಿದಾಗಲೆಲ್ಲ ಉತ್ತರಿಸಲು ಅದಕ್ಕೆ
ಒಂದು ಗುಟುಕು ವಿದ್ಯುತ್ತು ಬೇಕು;
ಗುಟುಕಿಗೆ ಗುಟುಕು ಸೇರಿ
ಚಳಿ ಎಷ್ಟೆಂದು ಹೇಳಬೇಕಾದದ್ದೇ
ಚಳಿ ಕಾಯಿಸಿಕೊಳ್ಳುತ್ತ ಕೂತಿತ್ತು.

ಕೇಳುವುದನ್ನು ಬಿಟ್ಟೆವು.
ಹತ್ತು ನಿಮಿಷಕ್ಕೊಂದು ಮಾತು, ಸಾಕು.
ಇನ್ನೂರ ಇಪ್ಪತ್ತಾರರಲ್ಲಿ ಕಾಳು ಮಂಕಾಯಿತು.
ಇನ್ನೂರ ಮೂವತ್ತೊಂದು:
ಏನೂ ಇಲ್ಲ.
ಅಂಥ ಏನೂ ಇಲ್ಲವನ್ನು
ನಾನು ಕಂಡೇ ಇರಲಿಲ್ಲ.
ಯೋರಿಸ್ ಪರದೆಗೆ ಹಣೆ ಆನಿಸಿ ನಿಂತ.
ತಿಫೇನ್ ರುಜು ಹಾಕಿದಳು, ಪೆನ್ನು ಮೂಡಲಿಲ್ಲ,
ಇನ್ನೊಂದು ಪೆನ್ನು ಹುಡುಕಿದೆವು.

ಭಾನುವಾರ ಆ ಪಟದ ಅಚ್ಚು ಹಾಕಿಸಿ ಒಯ್ದೆ.
ಅಪ್ಪ ಕಿಟಕಿಯ ಬಳಿ ಹಿಡಿದ,
ಮೂಗಿಗೆ ತಾಗುವಷ್ಟು ಹತ್ತಿರ.
ಕೈ ತನ್ನಷ್ಟಕ್ಕೆ ಕೊರಳ ಹತ್ತಿರ ಹೋಗಿ
ಇಲ್ಲದ ದಾರವನ್ನು ತಡಕಿತು.
ಪಟ ತಿರುಗಿಸಿದ. ಇನ್ನೊಮ್ಮೆ ತಿರುಗಿಸಿದ.
'ಯಾವ ಕಡೆ ಮೇಲು?'